ಮೇಸ್ತ್ರಿ ಮಗಳ ಎಡಗಾಲು

ಕಾಲುನೋವು ಅಂದರೆ ನಮ್ಮಲ್ಲಿ ಯಾರಿಗೂ ಲೆಕ್ಕಕ್ಕಿಲ್ಲ. ತಲೆನೋವು ಬಂದರೆ ಮಾತ್ರೆ ನುಂಗುತ್ತೇವೆ, ಹಲ್ಲುನೋವು ಬಂದರೆ ಆಸ್ಪತ್ರೆಗೆ ಓಡುತ್ತೇವೆ. ಕಾಲುನೋವಿಗೆ ಮಾತ್ರ "ನಡೀತಾ ನಡೀತಾ ಸರಿಹೋಗುತ್ತೆ ಬಿಡು" ಅನ್ನುತ್ತೇವೆ. ನಮ್ಮ ಬೀದಿಯ ಬಡಗಿ ಮೇಸ್ತ್ರಿಯೂ ಹಾಗೇ ಅಂದಿದ್ದರು.

ನಾನು ಫಿಸಿಯೋಥೆರಪಿ ಮಾಡುವವಳು. ಮೂಳೆ, ಕೀಲು, ಸ್ನಾಯುಗಳ ನೋವಿಗೆ ವ್ಯಾಯಾಮ ಹೇಳಿಕೊಡುತ್ತೇನೆ. ಡಾಕ್ಟರಲ್ಲ ಅಂತ ಎಷ್ಟು ಹೇಳಿದರೂ ಬೀದಿಯವರಿಗೆಲ್ಲ ನಾನು ಡಾಕ್ಟರಮ್ಮ. ಹೇಳಿ ಹೇಳಿ ನನಗೇ ಸಾಕಾಗಿದೆ.

ಅವತ್ತು ಬೆಳಿಗ್ಗೆ, ಕಾಲು ಅಲ್ಲಾಡುವ ಸ್ಟೂಲೊಂದನ್ನು ಹಿಡಿದುಕೊಂಡು ಮೇಸ್ತ್ರಿಯ ಶೆಡ್ಡಿಗೆ ಹೋಗಿದ್ದೆ. ಅದೇ ಹೊತ್ತಿಗೆ ಅವರ ಮಗಳು ಓಟ ಮುಗಿಸಿ ಬಂದಳು. ನನ್ನ ಸ್ಟೂಲಿಗಿಂತ ಅವಳೇ ಹೆಚ್ಚು ಕುಂಟುತ್ತಿದ್ದಳು.

ಹುಡುಗಿಗೆ ಅಗ್ನಿಶಾಮಕ ದಳ ಸೇರುವ ಆಸೆ. ಲಿಖಿತ ಪರೀಕ್ಷೆ ಪಾಸಾಗಿತ್ತು. ಇನ್ನು ಐದು ವಾರಕ್ಕೆ ಓಟದ ಪರೀಕ್ಷೆ. ವಯಸ್ಸಿನ ಮಿತಿಯ ಪ್ರಕಾರ ಇದೇ ಅವಳಿಗೆ ಕೊನೆಯ ಅವಕಾಶ.

"ಏನಮ್ಮಾ, ಕಾಲಿಗೆ ಏನಾಯ್ತು?" ಅಂದೆ.

"ಏನಿಲ್ಲ ಆಂಟಿ," ಅಂದಳು. ಅಂದು ಅಪ್ಪನ ಕಡೆ ನೋಡಿದಳು.

"ಮಂಡಿ ಸ್ವಲ್ಪ ಹಿಡ್ಕೊಂಡಿದೆ ಅಷ್ಟೇ ಡಾಕ್ಟರಮ್ಮ," ಅಂದರು ಮೇಸ್ತ್ರಿ. "ಶೂ ಅಟ್ಟೆ ಒಳಬದಿಗೆ ಸವೆದು ವಾಲ್ತಾ ಇತ್ತು. ನಾನೇ ಸರಿ ಮಾಡ್ಕೊಟ್ಟಿದ್ದೀನಿ. ತೋರ್ಸು ಮಗಳೇ."

ಅವಳು ಶೂ ಒಳಗಿಂದ ತೆಗೆದದ್ದು ಪ್ಲೈವುಡ್ಡು! ಪಾದದ ಅಳತೆಗೆ ಕತ್ತರಿಸಿ, ಅಂಚನ್ನೆಲ್ಲ ಉಪ್ಪುಕಾಗದದಲ್ಲಿ ತಿಕ್ಕಿ ನಯ ಮಾಡಿದ ತೆಳು ಹಲಗೆ. ಕೆಲಸಕ್ಕೆ ಕೈಮುಗಿಯಬೇಕು, ಅಷ್ಟು ಚಂದ. ಕಾಲಿಗೆ ಮಾತ್ರ ಶತ್ರು.

"ಮೇಸ್ತ್ರೀ, ಇದರ ಮೇಲೆ ಓಡ್ತಿದ್ದಾಳಾ?"

"ಮತ್ತೆ? ಸಮತಟ್ಟಾಗಿದೆ, ಬಾಗಲ್ಲ, ವಾಲಲ್ಲ."

"ಓಡೋವಾಗ ಪಾದ ಬಾಗಬೇಕಲ್ಲ! ಶೂ ಒಳಗಿದ್ದ ಮೆತ್ತನೆ ಇನ್‌ಸೋಲ್ ಎಲ್ಲಿ?"

"ಅದು ಚಪ್ಪಟೆಯಾಗಿತ್ತು, ಬಿಸಾಕಿದೆ."

ನನಗೆ ಸಿಟ್ಟೇ ಬಂತು. ಆದರೆ ಬೈದು ಹೇಳಿದ ಮಾತು ಯಾರ ತಲೆಗೂ ಹತ್ತುವುದಿಲ್ಲ. ಒಂದು ಬಕೆಟ್ ನೀರು ತರಿಸಿದೆ. ಹುಡುಗಿ ಪಾದ ಒದ್ದೆ ಮಾಡಿಕೊಂಡು ಒಣ ಹಲಗೆಯೊಂದರ ಮೇಲೆ ನಿಂತು ಇಳಿದಳು. ಬಲಪಾದದ ಗುರುತಿನಲ್ಲಿ ಒಳಬದಿ ಒಣಗಿಯೇ ಇತ್ತು. ಎಡಪಾದದ್ದು ಬೆರಳಿನಿಂದ ಹಿಮ್ಮಡಿವರೆಗೆ ಇಡಿಯಾಗಿ ಮೂಡಿತ್ತು.

"ನೋಡಿ, ಪಾದದ ಒಳಬದಿಯಲ್ಲಿ ಒಂದು ಕಮಾನು ಇರುತ್ತೆ. ಎಡಗಾಲಲ್ಲಿ ಅದು ಕೂತುಬಿಡ್ತಿದೆ. ಎಲ್ಲರಿಗೂ ಇದರಿಂದ ತೊಂದರೆ ಆಗಲ್ಲ. ಇವಳಿಗೆ ಓಡೋವಾಗ ಪಾದ ಒಳಕ್ಕೆ ವಾಲಿ, ಮಂಡಿನೂ ಜೊತೆಗೆ ತಿರುಗ್ತಿರಬೇಕು. ಆ ಕಮಾನಿಗೆ ಹೊಂದೋ ಹೊಸ ಇನ್‌ಸೋಲ್ ಬೇಕು. ನೀವು ಕಮಾನಿನ ಬಾಗಿಲು ಕೂರಿಸ್ತೀರಲ್ಲ, ಕಮಾನಿಗೆ ಚಪ್ಪಟೆ ಹಲಗೆಯ ಆಧಾರ ಕೊಡ್ತೀರಾ?"

"ಎಲ್ಲಾದ್ರೂ ಆಗುತ್ತಾ! ಅದರ ಬಾಗಿಗೆ ತಕ್ಕ ಹಾಗೆ ಕೊಯ್ದು..." ಅಂದವರು ಮಗಳ ಕೈಲಿದ್ದ ಪ್ಲೈವುಡ್ಡಿನ ಕಡೆ ನೋಡಿದರು.

ಹಾಗಂತ ಸೋಲೊಪ್ಪುವ ಆಸಾಮಿಯಲ್ಲ. "ಹಳೇ ಶೂಗೆ ಹೊಸ ಇನ್‌ಸೋಲಾ? ಮೂಗಿಗಿಂತ ಮೂಗುತಿ ಭಾರ! ನಮ್ಮಜ್ಜಿ ಎಂಬತ್ತು ವರ್ಷ ಬರಿಗಾಲಲ್ಲೇ ನಡೆದ್ಲು."

"ನಿಮ್ಮಜ್ಜಿ ಯಾವ ಪರೀಕ್ಷೆಗೆ ಓಡಿದ್ರಂತೆ?" ಅಂದರು ಒಳಗಿಂದ ಅವರ ಹೆಂಡತಿ.

ನಾನು ಹುಡುಗಿಯನ್ನೇ ಕೇಳಿದೆ. "ಈ ಹಲಗೆ ಹಾಕಿದ ಮೇಲೆ ನೋವು ಕಮ್ಮಿಯಾಯ್ತಾ, ಜಾಸ್ತಿಯಾಯ್ತಾ?"

ಅವಳ ಕಣ್ಣು ತುಂಬಿತು. "ಜಾಸ್ತಿ. ಎರಡು ವಾರದಿಂದ. ಹಿಮ್ಮಡಿನೂ ಉರಿಯುತ್ತೆ."

"ನನಗ್ಯಾಕೆ ಹೇಳಲಿಲ್ಲ?" ಮೇಸ್ತ್ರಿಯ ದನಿ ಇಳಿದಿತ್ತು.

"ನೀನು ಊಟ ಬಿಟ್ಟು ಕೂತು ಮಾಡಿದ್ದೆಯಲ್ಲಪ್ಪ. ಹೇಗೆ ಹೇಳಲಿ?"

ಪಾಪ, ಅಪ್ಪನ ಪ್ರೀತಿ ಅವಳಿಗೆ ಬಾಯಲ್ಲಿಟ್ಟ ಬಿಸಿತುಪ್ಪವಾಗಿತ್ತು. ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಮೇಸ್ತ್ರಿ ಆ ಹಲಗೆಯನ್ನು ತೆಗೆದುಕೊಂಡು ಮುರಿದು ಹಾಕಿದರು.

ಮರುದಿನ ಮೂವರೂ ನನ್ನ ಕ್ಲಿನಿಕ್ಕಿಗೆ ಬಂದರು. ಅವಳು ನಡೆಯುವುದನ್ನು, ಓಡುವುದನ್ನು ಪೂರ್ತಿ ನೋಡಿದೆ. ಸವೆದ ಶೂ ಬದಲಾಯಿಸಲು ಹೇಳಿದೆ. ಕಮಾನಿಗೆ ಆಧಾರ ಕೊಟ್ಟು ಹಿಮ್ಮಡಿಯನ್ನು ಅಲುಗದಂತೆ ಕೂರಿಸುವ ಇನ್‌ಸೋಲ್ ಆರಿಸಿದೆವು.

"ಶೂ ಜೊತೆ ಬಂದಿರೋದನ್ನ ತೆಗೆದು ಇದನ್ನ ಹಾಕು, ಒಂದರ ಮೇಲೊಂದು ಬೇಡ," ಅಂದೆ. "ಬೆರಳು ಇಕ್ಕಟ್ಟಾಗಬಾರದು. ಮೊದಲ ದಿನ ಒಂದು ಗಂಟೆ ನಡಿ, ಆಮೇಲೆ ದಿನಾ ಸ್ವಲ್ಪ ಹೆಚ್ಚಿಸು. ವಾರ ಕಳೆದ ಮೇಲೆ ನಿಧಾನಕ್ಕೆ ಓಡು. ಜೋಮು ಹಿಡಿದರೆ, ಗುಳ್ಳೆ ಎದ್ದರೆ ತೆಗೆದಿಟ್ಟು ನನ್ನ ಹತ್ರ ಬಾ."

"ಇಷ್ಟಕ್ಕೇ ನೋವು ಹೋಗುತ್ತಾ?" ಮೇಸ್ತ್ರಿಗೆ ಇನ್ನೂ ಅನುಮಾನ.

"ಇದೇನು ಮಂತ್ರದಂಡವಲ್ಲ ಮೇಸ್ತ್ರೀ, ಬರೀ ಆಧಾರ. ಕಾಲು ಗಟ್ಟಿಯಾಗೋಕೆ ವ್ಯಾಯಾಮ ಬೇಕು. ಸ್ವಲ್ಪ ದಿನ ಓಟಾನೂ ಕಮ್ಮಿ ಮಾಡಬೇಕು."

ಅವತ್ತಿನಿಂದ ವ್ಯಾಯಾಮಕ್ಕೆ ಮೇಸ್ತ್ರಿಯದೇ ಕಾವಲು. ಮಗಳು ಮೆಟ್ಟಿಲ ಮೇಲೆ ನಿಂತು ಹಿಮ್ಮಡಿ ಎತ್ತಿ ಇಳಿಸಿದರೆ ಇವರು ಬೀದಿಗೆಲ್ಲ ಕೇಳುವಂತೆ ಎಣಿಸುವರು. ಮೂರನೇ ವಾರಕ್ಕೆ ನೋವು ತಗ್ಗಿತು. ನಾಲ್ಕನೇ ವಾರಕ್ಕೆ ಅವಳ ಓಟ ಹದಕ್ಕೆ ಬಂತು.

ಪರೀಕ್ಷೆಯ ದಿನ ನಾವು ಬೇಲಿಯಾಚೆ ನಿಂತಿದ್ದೆವು. ಕೊಟ್ಟ ಸಮಯದಲ್ಲಿ ಆರು ಸೆಕೆಂಡು ಇನ್ನೂ ಬಾಕಿ ಇರುವಾಗಲೇ ಹುಡುಗಿ ಗೆರೆ ದಾಟಿದಳು. ಅವಳಮ್ಮನ ಕೂಗಿಗೆ ಮೈದಾನವೇ ತಿರುಗಿ ನೋಡಿತು. ಮೇಸ್ತ್ರಿ ಕೂಗಲೂ ಇಲ್ಲ, ಸಮಯ ಕೇಳಲೂ ಇಲ್ಲ.

"ನೋವಿತ್ತಾ?" ಅಂದರು.

"ಇಲ್ಲಪ್ಪ."

"ನಿಜ ಹೇಳು. ನನ್ನ ಮುಖ ನೋಡ್ಕೊಂಡು ಹೇಳಬೇಡ."

"ಉಸಿರು ಸಿಕ್ತಿಲ್ಲ ಅಷ್ಟೇ. ಕಾಲು ನೋಯ್ತಿಲ್ಲ ಅಪ್ಪ, ನಿಜವಾಗ್ಲೂ."

ಆಗ ಮೇಸ್ತ್ರಿ ಅತ್ತುಬಿಟ್ಟರು.

ನಿಮ್ಮ ಮನೆಯಲ್ಲೂ ಓಡುವವರಿದ್ದಾರಾ? ಇವತ್ತೇ ಅವರ ಶೂ ತಿರುಗಿಸಿ ನೋಡಿ. ಅಟ್ಟೆ ಒಂದೇ ಬದಿಗೆ ಸವೆದಿದೆಯಾ, ಒಳಗಿನ ಇನ್‌ಸೋಲ್ ಚಪ್ಪಟೆಯಾಗಿದೆಯಾ ನೋಡಿ, ಆಗಿದ್ದರೆ ಬದಲಿಸಿ. ಕೈಗೆ ಸಿಕ್ಕಿದ್ದನ್ನು ಒಳಗೆ ತುರುಕಬೇಡಿ. ವಾರ ಕಳೆದರೂ ನೋವು ಹೋಗದಿದ್ದರೆ ಬಲ್ಲವರಿಗೆ ತೋರಿಸಿ. ಎಲ್ಲಕ್ಕಿಂತ ಮೊದಲು, ನೋವಿದೆಯಾ ಅಂತ ಅವರನ್ನು ಕೇಳಿ. "ಇಲ್ಲ" ಅಂದರೆ, ಪಕ್ಕದಲ್ಲಿ ಕೂತು ಇನ್ನೊಂದು ಸಲ ಕೇಳಿ.