ಫೋನ್ ಹಿಡಿಯುವವರು ಯಾರು?

ಯಾವ ತಂಡ ಸೇರುತ್ತೀರೆಂದು ಮಧ್ಯಾಹ್ನ ಒಂದು ಗಂಟೆಯೊಳಗೆ ಹೇಳಬೇಕು ಎಂದಿದ್ದರು ನಮ್ಮ ಮ್ಯಾನೇಜರ್ ಮೇಡಂ. ಆಗ್ಮೆಂಟೆಡ್ ರಿಯಾಲಿಟಿ ತಂಡವೋ, ಎಕ್ಸ್‌ಟೆಂಡೆಡ್ ರಿಯಾಲಿಟಿ ತಂಡವೋ. ಎರಡನೆಯದರ ಹೊಟ್ಟೆಯೊಳಗೇ ಮೊದಲನೆಯದೂ ಇದೆ ಎಂದು ನಾಲ್ಕು ಸಲ ವಿವರಿಸಿದ್ದೆ. "ಕೈ ಬೇಕೋ ಮೈ ಬೇಕೋ ಅಂತ ಕೇಳಿದ ಹಾಗಿದೆ" ಎಂದರೆ, "ನಿಮ್ಮ ತರ್ಕ ಬೇಡ, ಟಿಕ್ ಹಾಕಿ" ಎಂದರು.

ನನಗೆ ಉರಿದದ್ದು ಬೇರೆ ಕಾರಣಕ್ಕೆ. ಲಿಫ್ಟ್ ರಿಪೇರಿ ಮಾಡುವವರಿಗಾಗಿ ಒಂದು ವರ್ಷ ಕೂತು ಆಗ್ಮೆಂಟೆಡ್ ಆ್ಯಪ್ ಬರೆದವನು ನಾನು. ಫೋನನ್ನು ಮೋಟಾರಿನತ್ತ ಹಿಡಿದರೆ, ಯಾವ ನಟ್ ಸಡಿಲಿಸಬೇಕೆಂದು ಪರದೆಯಲ್ಲಿ ಬಾಣ ಮೂಡುತ್ತದೆ. ಇನ್ನೊಂದು ತಂಡದ್ದು ಕಣ್ಣು ಮುಚ್ಚುವ ಹೆಡ್‌ಸೆಟ್. ಅದರೊಳಗೆ ಇಡೀ ಮೋಟಾರ್ ಕೋಣೆಯೇ ಸುಳ್ಳು. ಆ ತಂಡದ ಮುಖ್ಯಸ್ಥೆ ನನ್ನ ಹತ್ತಿರ ಕೆಲಸ ಕಲಿತ ಹುಡುಗಿ. ಟಿಕ್ ಅಲ್ಲಿ ಬಿದ್ದರೆ ನನ್ನ ಆ್ಯಪ್ ಮೂಲೆಗೆ, ನಾನು ಅವಳ ಕೈಕೆಳಗೆ.

ಸಾಬೀತು ಮಾಡಿಯೇ ಬಿಡೋಣ ಎಂದು ಎರಡನ್ನೂ ಚೀಲಕ್ಕೆ ಹಾಕಿಕೊಂಡು ಭಾವನ ಹತ್ತಿರ ಹೋದೆ. ಅಕ್ಕನ ಗಂಡ, ಇಪ್ಪತ್ತೆರಡು ವರ್ಷದಿಂದ ಲಿಫ್ಟ್ ಮೆಕ್ಯಾನಿಕ್. ಒಂಬತ್ತು ಮಹಡಿಯ ಕಟ್ಟಡದ ತಾರಸಿಯ ಮೋಟಾರ್ ಕೋಣೆಯಲ್ಲಿ, ಕರೆಂಟ್ ಆಫ್ ಮಾಡಿ ಕೂತಿದ್ದರು.

"ಬಾರಪ್ಪ ಕಂಪ್ಯೂಟರ್ ದೊರೆ. ಮೆಟ್ಲು ಹತ್ಕೊಂಡು ಬಂದ್ಯಾ? ಒಳ್ಳೇದಾಯ್ತು, ಹೊಟ್ಟೆ ಕರಗ್ಲಿ."

"ಮಾತು ಸಾಕು ಭಾವ. ಇದನ್ನ ಹಿಡ್ಕೊಳಿ."

ಎಡಗೈಯಲ್ಲಿ ಫೋನ್ ಹಿಡಿದರು. ಬಾಣ ಮೂಡಿತು. ಬಲಗೈಯ ಸ್ಪ್ಯಾನರಿನಿಂದ ನಟ್ ತಿರುಗಿಸಿದರೆ ಹಿಂದಿನ ಬೋಲ್ಟೂ ಜೊತೆಗೇ ತಿರುಗಿತು. ಅದನ್ನು ತಡೆಯಲು ಇನ್ನೊಂದು ಸ್ಪ್ಯಾನರ್ ಬೇಕು, ಇನ್ನೊಂದು ಕೈಯೂ ಬೇಕು. ಫೋನನ್ನು ಹಲ್ಲಲ್ಲಿ ಕಚ್ಚಿದರು. ಪರದೆಯಲ್ಲಿ ಬರೀ ಗೋಡೆ.

"ಕೊಡಿ ಇಲ್ಲಿ, ನಾನು ಹಿಡೀತೀನಿ."

"ಹಿಡಿ ಹಿಡಿ. ದಿನಾ ಬರ್ತೀಯೇನೋ? ನಿಮ್ಮಕ್ಕನಿಗೆ ಎರಡು ಡಬ್ಬಿ ಕಟ್ಟೋಕೆ ಹೇಳ್ತೀನಿ."

ಆಫೀಸಿನಲ್ಲಿ ಪ್ರತಿ ಪರೀಕ್ಷೆಯನ್ನೂ ಇಬ್ಬರು ಸೇರಿ ಮಾಡಿದ್ದೆವು. ಒಬ್ಬನ ಕೈಯಲ್ಲಿ ಸ್ಪ್ಯಾನರ್, ಇನ್ನೊಬ್ಬನ ಕೈಯಲ್ಲಿ ಫೋನ್. ಆ ಇನ್ನೊಬ್ಬ ಯಾವಾಗಲೂ ನಾನೇ. ಒಂದು ವರ್ಷ! ಕತ್ತೆಗಾದರೂ ಹೊಳೆಯುತ್ತಿತ್ತು.

ಸಿಟ್ಟಿನಲ್ಲಿ ಹೆಡ್‌ಸೆಟ್ಟನ್ನು ಅವರ ತಲೆಗೆ ತುರುಕಿದೆ. ಇದನ್ನೂ ಬೈಯಲಿ ಎಂದೇ ಕಾದೆ.

"ಇದನ್ನ ಹಾಕ್ಕೊಂಡು ರಿಪೇರಿಗಿಳಿದ್ರೆ ನೇರ ಸ್ವರ್ಗಕ್ಕೇ" ಎಂದರು. ನನಗೆ ಜೀವ ಬಂತು. ಆದರೆ ತೆಗೆಯಲಿಲ್ಲ. ಸಾಮಾನಿನ ಪೆಟ್ಟಿಗೆ ಮೇಲೆ ಕೂತು ಒಳಗಿನ ಸುಳ್ಳು ಮೋಟಾರಿಗೆ ಕೈ ಚಾಚಿದರು. ಏನೋ ತಪ್ಪಿರಬೇಕು, ಬೆಚ್ಚಿ ಕೈ ಎಳೆದುಕೊಂಡರು. ಮತ್ತೆ ಮಾಡಿದರು. ಮೂರನೆಯ ಸಲಕ್ಕೆ ಸರಿಹೋಯಿತು.

ಹೆಡ್‌ಸೆಟ್ ತೆಗೆದವರು, ಎರಡು ಗೆಣ್ಣು ಹೋದ ತೋರುಬೆರಳನ್ನು ಸುಮ್ಮನೆ ಉಜ್ಜಿಕೊಂಡರು.

"ಕೆಲಸ ಕಲಿಯೋವಾಗ ಇದೊಂದಿದ್ದಿದ್ರೆ ಈ ಬೆರಳು ಉಳೀತಿತ್ತು ಕಣೋ."

ಒಂದಕ್ಕೆ ಹತ್ತು ನಿಮಿಷವಿರುವಾಗ ಮೇಡಂಗೆ ಫೋನ್ ಮಾಡಿದೆ.

"ಎಕ್ಸ್‌ಟೆಂಡೆಡ್ ಅಂತ ಹಾಕಿ."

"ಯೋಚನೆ ಮಾಡಿದ್ರಾ? ನಿಮ್ಮ ಆ್ಯಪ್?"

"ಅದನ್ನ ಒಬ್ಬನೇ ಬಳಸೋಕಾಗಲ್ಲ. ನನ್ನದೇ ತಪ್ಪು. ಎರಡನೇ ಸಲ ಹೇಳಿಸ್ಬೇಡಿ."

ಸ್ವಲ್ಪ ಹೊತ್ತಿಗೆ ಆ ಹುಡುಗಿಯ ಸಂದೇಶ ಬಂತು: "ಬನ್ನಿ ಸರ್. ಮೊದಲ ಕೆಲಸ, ನಿಜವಾದ ಮೋಟಾರಿನ ಸದ್ದು ರೆಕಾರ್ಡ್ ಮಾಡಿ ತರ್ತೀರಾ?"

ಸರ್ ಅಂತೆ! ಮೈಯೆಲ್ಲ ಉರಿಯಿತು.

"ಭಾವ, ಇದನ್ನ ಎಷ್ಟೊತ್ತಿಗೆ ಚಾಲೂ ಮಾಡ್ತೀರಿ?" ಎಂದು ಕೇಳಿ, ಅಲ್ಲೇ ಗೋಡೆಗೊರಗಿ ಕೂತೆ.