ಹಾಸಿಗೆ ಬಸ್ಸಿನ ಗಾಳಿಕಿಂಡಿ

ಮಳೆ ಬಂದರೆ ನಮ್ಮ ಕಡೆ ಹಳೇ ಮನೆಗಳು ಸೋರುತ್ತವೆ. ಸೋರುವ ಕಡೆ ಪಾತ್ರೆ ಇಡುತ್ತೇವೆ, ಹಾಸಿಗೆ ಪಕ್ಕಕ್ಕೆ ಎಳೆದುಕೊಳ್ಳುತ್ತೇವೆ. ಸೆಲ್ವಿಯ ಮನೆಯೂ ಸೋರಿತು. ಆದರೆ ಅವಳ ಮನೆಗೆ ಚಕ್ರಗಳಿದ್ದವು, ಹಾಸಿಗೆ ಎಳೆದುಕೊಳ್ಳಲು ಜಾಗವಿರಲಿಲ್ಲ.

ಸೆಲ್ವಿ ಮತ್ತು ಅವಳ ಗಂಡ ವಿಜಯಕುಮಾರ್ ಹಾಸಿಗೆ ಕೆಲಸದವರು. ಊರೂರಿಗೆ ಹೋಗಿ, ಗಂಟುಗಟ್ಟಿದ ಹಳೇ ಹಾಸಿಗೆ ಬಿಚ್ಚಿ, ಹತ್ತಿ ಹಿಂಜಿ, ಹೊಸದಾಗಿ ಹೊಲಿದು ಕೊಡುತ್ತಾರೆ. ಚಿನ್ನದ ಗಣಿಯ ಊರಾದ ಊರಿಗಾಂನಲ್ಲಿದ್ದ ಕಾರ್ಮಿಕರ ಲೈನ್ ಮನೆ ಹೆಸರಿಗಷ್ಟೆ. ವಾಸವೆಲ್ಲ ಬಸ್ಸಿನಲ್ಲಿ. ಹಳೇ ಸ್ಕೂಲ್ ಮಿನಿ ಬಸ್ಸೊಂದನ್ನು ಕೊಂಡು, ಸೀಟು ಕಿತ್ತು, ಹಿಂದೆ ಹತ್ತಿ ಯಂತ್ರ ಕೂರಿಸಿ, ಮುಂದೆ ಮಂಚ, ಗ್ಯಾಸ್ ಒಲೆ, ನೀರಿನ ಡ್ರಮ್ ಇಟ್ಟುಕೊಂಡಿದ್ದರು. ಶಾಲೆಯ ವಯಸ್ಸಾಗದ ಮಗಳು ನವ್ಯ, ಸೆಲ್ವಿಯ ಮಾವ ಚಿಕ್ಕವೆಂಕಟಪ್ಪ, ಮಣಿ ಎಂಬ ನಾಯಿ, ಎಲ್ಲರೂ ಅದರಲ್ಲೇ. ಜನ ಅದನ್ನು ಹಾಸಿಗೆ ಬಸ್ಸು ಎನ್ನುತ್ತಿದ್ದರು.

ಊರಿಗಾಂನವರಿಗೆ ಒಂದು ಅಭ್ಯಾಸ. ಗಾಳಿ ಎದ್ದರೆ, ಚಿನ್ನ ತೆಗೆದ ಮೇಲೆ ಗಣಿಯವರು ಸುರಿದ ಸೈನೈಡ್ ಗುಡ್ಡಗಳ ಬೂದು ಪುಡಿ ಬಂದು ಅನ್ನದ ಮೇಲೆ ಕೂರುತ್ತದೆ. ಹಾಗಾಗಿ ಕಿಟಕಿ ಬಾಗಿಲುಗಳ ಸಂದಿಗೆ ಬಟ್ಟೆ ತುರುಕುವುದನ್ನು ಅಲ್ಲಿನ ಮಕ್ಕಳು ಅಕ್ಷರಕ್ಕಿಂತ ಮೊದಲು ಕಲಿಯುತ್ತಾರೆ. ಚಿಕ್ಕವೆಂಕಟಪ್ಪ ಬಸ್ಸಿಗೂ ಅದನ್ನೇ ಮಾಡಿದ್ದ. ಕೈತುಂಬ ಹತ್ತಿ ಬೇರೆ ಇತ್ತು. ಚಾವಣಿಯ ಗಾಳಿಕಿಂಡಿ, ನೆಲದ ತೂತು, ಕಿಟಕಿಯ ಸಂದು, ಒಂದನ್ನೂ ಬಿಡದೆ ತುಂಬಿ, ಮೇಲೆ ಗೋಂದು ಬಳಿದಿದ್ದ. "ಇರುವೆ ಬರ್ಲಿ ನೋಡಾನ" ಎಂದು ಮೀಸೆ ತೀಡಿಕೊಂಡಿದ್ದ.

ಆ ವಾರ ಅವರು ಬೇತಮಂಗಲದಲ್ಲಿ ಚಿಕ್ಕವೆಂಕಟಪ್ಪನ ತಂಗಿ ಗಂಗರತ್ನಮ್ಮನ ಮನೆಯ ಮುಂದೆ ಬಸ್ಸು ನಿಲ್ಲಿಸಿದ್ದರು. ಅಕಾಲದ ಮಳೆ. ಚಾವಣಿಯ ಬೆಸುಗೆಯಿಂದ ನೀರು ಇಳಿದು ಮಂಚದ ಹಾಸಿಗೆ ನೆನೆಯಿತು. ಸಂಜೆ ಚಿಕ್ಕವೆಂಕಟಪ್ಪ ಒಂದು ಬಾಣಲೆಯಲ್ಲಿ ಮರಳು ಹಾಕಿ, ಅದರ ಮೇಲೆ ಇದ್ದಿಲ ಕೆಂಡ ಇಟ್ಟು, ಬಸ್ಸಿನೊಳಗೆ ಇರಿಸಿದ. ಬೆಳಗಾಗುವಷ್ಟರಲ್ಲಿ ಒಣಗುತ್ತದೆ ಎಂಬ ಲೆಕ್ಕ. ಕಾವಲಿಗೆ ಮಣಿಯನ್ನು ಒಳಗೆ ಬಿಟ್ಟು ಬಾಗಿಲು ಹಾಕಿದರು.

ನವ್ಯ ತಾನೂ ಮಣಿಯ ಜೊತೆ ಮಲಗುತ್ತೇನೆಂದು ಹಟ ಹಿಡಿದಿದ್ದಳು. ಸೆಲ್ವಿ ಸರಿ ಎಂದಿದ್ದಳು. ಕೆಂಡದ ಪಕ್ಕ ಬೆಚ್ಚಗಿರುತ್ತದೆ ಎಂದು ಹಳದಿ ಹೊದಿಕೆಯನ್ನೂ ಒಳಗೆ ಹಾಸಿ ಬಂದಿದ್ದಳು. ಆದರೆ ಮಗು ಗಂಗರತ್ನಮ್ಮನ ಮಡಿಲಲ್ಲಿ ಮುದ್ದೆ ತಿನ್ನುತ್ತಲೇ ನಿದ್ದೆಹೋಯಿತು. ಎಬ್ಬಿಸುವುದು ಯಾಕೆಂದು ಅಲ್ಲೇ ಬಿಟ್ಟರು. ಅಷ್ಟೇ ಕಾರಣ. ಬೇರೆ ಯಾವ ಕಾರಣವೂ ಇರಲಿಲ್ಲ.

ಬೆಳಿಗ್ಗೆ ಸೆಲ್ವಿ ಬಸ್ಸಿನ ಬಾಗಿಲು ತೆಗೆದಳು. ಕೆಂಡ ಬೂದಿಯಾಗಿತ್ತು. ಹಾಸಿಗೆ ಒಣಗಿತ್ತು. ಹಳದಿ ಹೊದಿಕೆಯ ಮೇಲೆ ಮಣಿ ಮಲಗಿತ್ತು. ಕರೆದಳು. ಬಾಲ ಆಡಲಿಲ್ಲ. ಮುಟ್ಟಿದಳು. ಗಟ್ಟಿಯಾಗಿತ್ತು. ಮೈಮೇಲೆ ಗಾಯವಿಲ್ಲ, ಬಾಯಲ್ಲಿ ನೊರೆಯಿಲ್ಲ. ಏನೂ ಸುಟ್ಟಿಲ್ಲ.

ಹೊದಿಕೆಯ ಅಂಚು ಹಿಡಿದುಕೊಂಡು ಮೆಟ್ಟಿಲ ಮೇಲೆ ಕುಳಿತಳು. ಎದುರಿನ ಜಗಲಿಯಲ್ಲಿ ನವ್ಯ ಹಲ್ಲುಜ್ಜುತ್ತಿದ್ದಳು. ಸೆಲ್ವಿ ಅವಳನ್ನೇ ನೋಡುತ್ತಿದ್ದಳು.

ಮೊದಲು ಬಂದವನು ಚಿಕ್ಕವೆಂಕಟಪ್ಪ.

"ಆವು ಕಚ್ಚೈತೆ" ಎಂದ.

"ಇರುವೆ ಬರಾಕೆ ಆಗ್ದಂಗೆ ಮುಚ್ಚಿದ್ದೆ ಅಂದ್ಯಲ್ಲಪ್ಪ. ಆವು ಎಲ್ಲಿಂದ ಬಂತು?" ಎಂದ ವಿಜಯಕುಮಾರ್.

"ಕಣ್ಣು ಬಿದ್ದೈತೆ ಕಣ್ಲಾ" ಎಂದಳು ಗಂಗರತ್ನಮ್ಮ. "ಊರೋರೆಲ್ಲ ಬಂದು ಬಂದು ನೋಡ್ತಾರೆ, ಬಸ್ನಾಗೆ ಸಂಸಾರ ಅಂತ. ಒಂದು ನಿಂಬೆಣ್ಣು ಕಟ್ಟು."

"ಕಟ್ಟೈತಲ್ಲ ಅತ್ತೆ, ಮುಂದ್ಗಡೆ. ಮೆಣಸಿನ್ಕಾಯಿ ಸಮೇತ."

ಮಾತು ಕೇಳಿ ಪಕ್ಕದ ಮನೆಯ ಅಂಬಿಕ ಬಂದಳು. ಬಂಗಾರಪೇಟೆಯ ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳಿಕೊಡುವವಳು. ಹೆಗಲಿಗೆ ಚೀಲ, ಕಾಲೇಜಿನ ಕಡೆಯ ಬಸ್ಸು ಹಿಡಿಯಲು ಹೊರಟಿದ್ದಳು. ಹಾಸಿಗೆ ಬಸ್ಸಿನೊಳಗೆ ಒಂದು ಸಲ ಇಣುಕಿದಳು. ಬಾಣಲೆ ನೋಡಿದಳು. ಹತ್ತಿ ತುರುಕಿದ ಕಿಂಡಿ ನೋಡಿದಳು. ಕೂಡಲೇ ಹಿಂದಿನ ಬಾಗಿಲನ್ನೂ ತೆಗೆಸಿ, ಗಾಳಿ ಆಡುವವರೆಗೆ ಯಾರೂ ಹತ್ತಬೇಡಿ ಎಂದಳು.

"ಮಗು ಎಲ್ಲಿತ್ತು ರಾತ್ರಿ?"

"ಮನೇಲಿ" ಎಂದಳು ಸೆಲ್ವಿ. "ಇಲ್ಲೇ ಮಲಗಿಸ್ಬೇಕು ಅಂತಿದ್ದೆ ಅಕ್ಕ. ಹೊದ್ಕೆ ಹಾಸಿದ್ದೆ."

ಅಂಬಿಕ ಸೆಲ್ವಿಯ ಪಕ್ಕ ಮೆಟ್ಟಿಲ ಮೇಲೆ ಕುಳಿತಳು.

"ಹಾವಲ್ಲ, ಕಣ್ಣೂ ಅಲ್ಲ. ಮುಚ್ಚಿದ ಜಾಗದಲ್ಲಿ ಕೆಂಡ ಉರಿದರೆ ಒಂದು ಗಾಳಿ ಹುಟ್ಟುತ್ತೆ. ಕಾರ್ಬನ್ ಮೊನಾಕ್ಸೈಡ್ ಅಂತಾರೆ. ಬಣ್ಣ ಇಲ್ಲ, ವಾಸನೆ ಇಲ್ಲ. ಎಚ್ಚರ ಇದ್ದೋರಿಗೆ ತಲೆನೋವು, ತಲೆಸುತ್ತು, ವಾಕರಿಕೆ ಬರುತ್ತೆ. ಹಾಗಾದ್ರೆ ತಕ್ಷಣ ಎಲ್ಲರನ್ನೂ ಬಯಲಿಗೆ ಎಳ್ಕೊಂಡು ಬಂದು 108ಕ್ಕೆ ಫೋನ್ ಮಾಡ್ಬೇಕು. ಮಲಗಿದ್ದೋರಿಗೆ ಅದೂ ಗೊತ್ತಾಗಲ್ಲ."

ಚಿಕ್ಕವೆಂಕಟಪ್ಪ ನಕ್ಕ. "ಏನಮ್ಮ ನೀನು ಏಳೋದು. ಚಾಂಪಿಯನ್ ರೀಫ್ ಗಣಿನಾಗೆ ನೆಲದ ಒಟ್ಟೇಗೆ ಇಳಿದು ಉಸ್ರಾಡಿದೋನು ನಾನು. ಒಂದು ಬಾಂಡ್ಲಿ ಕೆಂಡ ನನ್ಗೆ ಏನ್ ಮಾಡ್ತೈತೆ?"

"ತಾತ, ಗಣಿಯಲ್ಲಿ ಮದ್ದು ಸಿಡಿಸ್ತಿದ್ರಲ್ಲ. ಸಿಡಿಸಿದ ತಕ್ಷಣ ಒಳಗೆ ಹೋಗ್ತಿದ್ರಾ?"

"ಎಲ್ಲಾದ್ರೂ ಉಂಟಾ? ಒಗೆ ತೆರವಾಗಬೇಕು. ಮೇಸ್ತ್ರಿ ನೋಡಿ ಊಂ ಅನ್ಬೇಕು. ಅವಸ್ರಕ್ಕೆ ನುಗ್ಗಿದೋರು ಅಲ್ಲೇ ಮಲಗವ್ರೆ."

"ಗಾಳಿ ಎಲ್ಲಿಂದ ಬರ್ತಿತ್ತು?"

"ಮೇಲ್ಗಡೆ ದೊಡ್ಡ ಫ್ಯಾನು. ಅದು ನಿಂತ್ರೆ ಎಲ್ರೂ ಕೆಲ್ಸ ಬಿಟ್ಟು ಮೇಲಕ್ಕೆ ಬಂದ್ಬಿಡಬೇಕು. ಅದೇ ಕಾನೂನು."

"ಈ ಬಸ್ಸಿಗೆ ಫ್ಯಾನ್ ಎಲ್ಲಿದೆ ತಾತ?"

"ಅಲ್ಲಿ ಒಗೆ ಕಣ್ಣಿಗೆ ಕಾಣ್ತಿತ್ತಮ್ಮ. ಕೆಂಡ್ದಾಗೆ ಒಗೆ ಎಲ್ಲೈತೆ?"

"ಕಾಣೋ ಹೊಗೆ ಓಡಿಸುತ್ತೆ. ಕಾಣದ್ದು ಮಲಗಿಸುತ್ತೆ" ಎಂದಳು ಅಂಬಿಕ. ಅದೇ ದನಿಯಲ್ಲಿ ಮುಂದುವರಿಸಿದಳು. "ನಮ್ಮನೆಯೋರು ಟೊಮೆಟೊ ಲಾರಿ ತಗೊಂಡು ಉತ್ತರದ ಕಡೆ ಹೋಗಿದ್ರು. ಚಳಿ. ಕ್ಯಾಬಿನ್ ಗಾಜು ಏರಿಸ್ಕೊಂಡು, ಡಬ್ಬದಲ್ಲಿ ಕೆಂಡ ಇಟ್ಕೊಂಡು ಮಲಗಿದ್ರು. ಮನೆಗೆ ತಂದಾಗ ಮುಖ ಚೆನ್ನಾಗೇ ಇತ್ತು. ಕೆಂಪಗೆ. ಎಬ್ಬಿಸಿದ್ರೆ ಏಳ್ತಾರೆ ಅನ್ನೋ ಹಾಗೆ."

ಅವಳು ಚೀಲದ ದಾರ ಸರಿಮಾಡಿಕೊಂಡಳು. ಬಂಗಾರಪೇಟೆ ಬಸ್ಸು ಹಾರನ್ ಹೊಡೆದು ಹೋಯಿತು. ಅವಳು ಏಳಲಿಲ್ಲ.

ಅಂಬಿಕಳ ಗಂಡ ಸುಬ್ರಮಣಿ ನಿದ್ದೆಯಲ್ಲಿ ಹೋದ ಎಂದಷ್ಟೇ ಆ ಬೀದಿಗೆ ಗೊತ್ತಿತ್ತು. ಗಂಗರತ್ನಮ್ಮ ಸೆರಗು ಬಾಯಿಗಿಟ್ಟುಕೊಂಡಳು. ಚಿಕ್ಕವೆಂಕಟಪ್ಪ ಬಸ್ಸಿನ ಗೋಡೆ ಹಿಡಿದುಕೊಂಡು ಚಾವಣಿಯ ಕಿಂಡಿಯನ್ನು ನೋಡಿದ. ಹಳದಿ ಹೊದಿಕೆಯನ್ನು ನೋಡಿದ. ಜಗಲಿಯ ಮೇಲಿನ ಮೊಮ್ಮಗಳನ್ನು ನೋಡಿದ.

"ಗೊತ್ತಿತ್ತಲ್ಲಮ್ಮ ನಂಗೆ" ಎಂದ. "ಗಣಿನಾಗೆ ಗೊತ್ತಿತ್ತು. ಮನೆನಾಗೆ ಮರ್ತೋದೆ."

ಬಸ್ಸಿನೊಳಗೆ ಗಾಳಿ ಆಡಿದ ಮೇಲೆ ಅವನೇ ಹತ್ತಿದ. ಕಿಂಡಿಗೆ ತುರುಕಿದ ಹತ್ತಿ ಕೀಳಲು ಶುರುಮಾಡಿದ. ಗೋಂದು ಕಲ್ಲಾಗಿತ್ತು. ಉಗುರು ಕಿತ್ತು ರಕ್ತ ಬಂತು. ವಿಜಯಕುಮಾರ್ ಉಳಿ ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ.

ಮಧ್ಯಾಹ್ನ ಮಣಿಯನ್ನು ಹಿತ್ತಲಲ್ಲಿ ಹೂಳಿದರು. ಹೊದಿಕೆಯನ್ನೂ ಜೊತೆಗೆ ಹಾಕಿದರು. ಮಣಿ ಎಲ್ಲಿ ಎಂದು ನವ್ಯ ಕೇಳುತ್ತಲೇ ಇದ್ದಳು.

ಸೆಲ್ವಿ ಗಂಡನಿಗೆ ಹೇಳಿದಳು. "ಈ ಬಸ್ಸಿಗೆ ನಾನು ಮಗೂನ ಹತ್ಸಲ್ಲ."

"ಇನ್ನೆಲ್ಲಿ ಬಿಡಾನ? ಊರಿಗಾಂನಾಗೆ ಯಾರವ್ರೆ? ಕೆಲ್ಸ ಬಿಟ್ರೆ ಉಣ್ಣೋದೇನು?"

"ಗೊತ್ತಿಲ್ಲ. ಹತ್ಸಲ್ಲ."

ಅಂಬಿಕ ಆ ದಿನ ರಜೆ ಹಾಕಿದ್ದಳು. "ಬಸ್ಸು ಬಿಡೋದು ಬೇಡ, ಮನುಷ್ಯರು ಇರೋ ಹಾಗೆ ಮಾಡೋಣ" ಎಂದಳು. ನಾಲ್ವರೂ ಬಸ್ಸನ್ನು ಒಂದು ಸುತ್ತು ಬಂದರು. ಇಷ್ಟು ದಿನ ಇದರೊಳಗೆ ಹೇಗೆ ಮಲಗಿದ್ದೆವು ಎಂದು ಸೆಲ್ವಿಗೆ ಹೆಜ್ಜೆಹೆಜ್ಜೆಗೂ ಅನ್ನಿಸುತ್ತಿತ್ತು.

ಗ್ಯಾಸ್ ಸಿಲಿಂಡರು ಮಂಚದ ಕೆಳಗೇ ಇತ್ತು. "ಅಡಿಗೆ ಗ್ಯಾಸು ಗಾಳಿಗಿಂತ ಭಾರ. ಸೋರಿದ್ರೆ ನೆಲದಲ್ಲಿ ನಿಲ್ಲುತ್ತೆ" ಎಂದಳು ಅಂಬಿಕ. "ಕೆಳಗಿನ ತೂತು ಮುಚ್ಚಿದ್ರೆ ಅದು ಹೋಗೋದೆಲ್ಲಿಗೆ?" ಸೋಪಿನ ನೊರೆ ತರಿಸಿ ರಬ್ಬರ್ ಪೈಪಿಗೆ ಸವರಿದಳು. ರೆಗ್ಯುಲೇಟರ್ ಹತ್ತಿರ ಒಂದು ಗುಳ್ಳೆ ಎದ್ದಿತು. ಒಡೆಯಿತು. ಇನ್ನೊಂದು ಎದ್ದಿತು. ಸೆಲ್ವಿ ಕೂಡಲೇ ರೆಗ್ಯುಲೇಟರ್ ಬಂದ್ ಮಾಡಿ ಸಿಲಿಂಡರನ್ನು ಬಯಲಿಗೆ ತಂದಿಟ್ಟಳು. ಪೈಪಿನ ಮೇಲೆ ಅಚ್ಚಾಗಿದ್ದ ಗಡುವು ಮುಗಿದು ಯಾವ ಕಾಲವಾಗಿತ್ತೋ.

"ದಿನಾ ಇದ್ರ ಮೇಲೇ ಮಲಗ್ತಿದ್ವಿ" ಎಂದಳು.

ಹತ್ತಿ ಯಂತ್ರದ ಬ್ಯಾಟರಿಯಿಂದ ಫ್ಯಾನಿಗೆ, ದೀಪಕ್ಕೆ ಎಳೆದ ತಂತಿಗೆ ಫ್ಯೂಸೇ ಇರಲಿಲ್ಲ. ಜೋಡಿಸಿದ ಕಡೆ ಪ್ಲಾಸ್ಟಿಕ್ ಕವರ್ ಸುತ್ತಿತ್ತು. ಅದರ ಮೇಲೆ ಹತ್ತಿಯ ನಾರು ಕೂತಿತ್ತು. ಅಲ್ಲೊಂದು ಕಿಡಿ ಬಿದ್ದಿದ್ದರೆ ಸಾಕಿತ್ತು. ಟೈರಿನ ಗೆರೆಗಳೇನೋ ಚೆನ್ನಾಗಿದ್ದವು. ವಿಜಯಕುಮಾರ್ ಬಗ್ಗಿ ಪಕ್ಕದಲ್ಲಿ ಅಚ್ಚೊತ್ತಿದ ನಾಲ್ಕು ಅಂಕಿ ಓದಿದ. ಕೊನೆಯ ಎರಡು ಅಂಕಿ ಟೈರು ತಯಾರಾದ ವರ್ಷ. ಗೆರೆ ಉಳಿದಿದ್ದರೂ ಹಳೇ ರಬ್ಬರು ಓಡುವಾಗ ಸಿಡಿಯುತ್ತದೆ. ಓದಿ ಎದ್ದು ಕೈ ಒರೆಸಿಕೊಂಡ.

"ಏನೈತ್ಲಾ?" ಎಂದ ಅಪ್ಪ.

"ನನ್ ಮದ್ವೆಗಿಂತ ಮುಂಚಿಂದು."

"ನಿನ್ ಮದ್ವೇನೇ ಇನ್ನೂ ಗಟ್ಟಿ ಐತೆ ಬಿಡು" ಎಂದಳು ಗಂಗರತ್ನಮ್ಮ ಜಗಲಿಯಿಂದ. ಮಣಿಯನ್ನು ಹೂಳಿದ ಮೇಲೆ ಮೊದಲ ಸಲ ಯಾರೋ ನಕ್ಕರು. ಸೆಲ್ವಿ ನಗಲಿಲ್ಲ.

ಬಸ್ಸನ್ನು ಬಂಗಾರಪೇಟೆಯ ಮೆಕ್ಯಾನಿಕ್ ಶ್ರೀರಾಮಪ್ಪನ ಶೆಡ್ಡಿಗೆ ಕೊಟ್ಟರು. ಅವನು ಮೊದಲು ಹತ್ತಿದ್ದು ಚಾವಣಿಗೆ. ಸೋರಿಕೆಯನ್ನು ಒಳಗಿನಿಂದ ಮುಚ್ಚಿದರೆ ನೀರು ತಗಡಿನೊಳಗೇ ಕೂತು ತುಕ್ಕು ಹಿಡಿಸುತ್ತದೆ ಎಂದು ಹಳೇ ಅಂಟನ್ನೆಲ್ಲ ಹೆರೆದು, ತುಕ್ಕು ಉಜ್ಜಿ, ಹೊರಗಿನಿಂದ ಹೊಸದಾಗಿ ಬೆಸುಗೆಗೆ ಅಂಟು ತುಂಬಿದ. ಒಂದು ಕೊಡ ನೀರು ಸುರಿದು ತೋರಿಸಿದ. ಸೋರದಿದ್ದರೆ ಕೆಂಡವೇ ಬೇಕಾಗುತ್ತಿರಲಿಲ್ಲ ಎಂದು ಸೆಲ್ವಿಗೆ ಅಲ್ಲಿ ಹೊಳೆಯಿತು.

ಸಿಲಿಂಡರಿಗೆ ಹೊರಗಿನಿಂದ ತೆರೆಯುವ ಪೆಟ್ಟಿಗೆಯಾಯಿತು. ಒಳಗಡೆಗೆ ಸಂದಿಲ್ಲದ ಗೋಡೆ, ತಳಕ್ಕೆ ತೂತು, ಸಿಲಿಂಡರು ಅಲುಗದಂತೆ ಪಟ್ಟಿ. ಐಎಸ್ಐ ಗುರುತಿನ ಹೊಸ ಪೈಪು. ಗಾಡಿ ಹೊರಡುವ ಮುಂಚೆ ರೆಗ್ಯುಲೇಟರ್ ಬಂದ್ ಮಾಡುವುದು ಸೆಲ್ವಿಯ ಕೆಲಸ. ತಂತಿಗಳೆಲ್ಲ ಹೊಸವು, ಬ್ಯಾಟರಿಯ ಬುಡದಲ್ಲೇ ಫ್ಯೂಸು. ಬಾಗಿಲ ಪಕ್ಕ ಬೆಂಕಿ ಆರಿಸುವ ಸಿಲಿಂಡರು. ಇಂಜಿನ್ನಿನ ಹೊಗೆ ಕೊಳವೆಯ ತುಕ್ಕು ತೂತನ್ನು ಮುಚ್ಚಲಿಲ್ಲ, ಕೊಳವೆಯನ್ನೇ ಬದಲಿಸಿದರು. ಮಲಗುವಾಗ ಇಂಜಿನ್ ಓಡಿಸಬಾರದು, ಜನರೇಟರ್ ತಂದರೂ ಬಸ್ಸಿನ ಹತ್ತಿರ ಇಡಬಾರದು ಎಂದು ಅಂಬಿಕ ಹೇಳಿದ್ದಳು. ಗಾಡಿಯ ರೂಪ ಬದಲಿಸಿದ್ದನ್ನು ಆರ್‌ಟಿಒ ಕಚೇರಿಗೆ ತಿಳಿಸಿ ಅನುಮತಿ ಪಡೆಯದೆ ಬಿಟ್ಟದ್ದೂ ಆಗಲೇ ಗೊತ್ತಾಗಿದ್ದು. ವಿಜಯಕುಮಾರ್ ಅದಕ್ಕೂ ಓಡಾಡಿದ.

ಟೈರು, ತಂತಿ ಎಲ್ಲ ಒಂದೇ ಸಲಕ್ಕೆ ಆಗಲಿಲ್ಲ. ಉಸಿರಿಗೆ ಸಂಬಂಧಿಸಿದ್ದನ್ನು ಮೊದಲು ಮಾಡಿದರು. ಉಳಿದದ್ದು ಮುಗಿಯುವ ತನಕ ಬಸ್ಸು ಶೆಡ್ಡಿನಿಂದ ಹೊರಡಲಿಲ್ಲ.

ಉಸಿರಿಗೆ ಸಂಬಂಧಿಸಿದ್ದರಲ್ಲಿ ಮುಖ್ಯವಾದದ್ದು ಗಾಳಿಕಿಂಡಿ. ಚಾವಣಿಗೆ ಗಾಳಿಗೆ ತಾನೇ ತಿರುಗುವ ತಗಡಿನ ಬುರುಡೆ ಕೂರಿಸಿದರು. ಕೆಳಗೆ ಎರಡು ಕಿಂಡಿ.

"ಧೂಳು ಬತ್ತೈತಲ್ಲ" ಎಂದ ಚಿಕ್ಕವೆಂಕಟಪ್ಪ ಅಭ್ಯಾಸಬಲದಿಂದ. ಆಮೇಲೆ ತಾನೇ ಹೇಳಿದ. "ಬರ್ಲಿ. ಒರೆಸ್ಕೋಬೋದು."

ಸಣ್ಣ ಕಣ್ಣಿನ ಜಾಲರಿ ತಂದು ಅವನೇ ಬಿಗಿದ. ವಾರಕ್ಕೊಮ್ಮೆ ಬಿಚ್ಚಿ ತೊಳೆಯುವುದೂ ಅವನೇ. ಹತ್ತಿಯ ನಾರು ಕಟ್ಟಿಕೊಂಡರೆ ಜಾಲರಿಯೂ ಹತ್ತಿ ತುರುಕಿದಷ್ಟೇ ಕೆಟ್ಟದ್ದು.

ಅಂಬಿಕ ಒಂದು ಪುಟ್ಟ ಯಂತ್ರ ತಂದುಕೊಟ್ಟಳು. ಕಾಣದ ಆ ಗಾಳಿ ಬಂದರೆ ಚೀರುತ್ತದೆ. ಮಂಚದ ಪಕ್ಕ, ಮಲಗಿದವರ ತಲೆಯ ಮಟ್ಟಕ್ಕೆ ಹಾಕಿದರು. ತಿಂಗಳಿಗೊಮ್ಮೆ ಗುಂಡಿ ಒತ್ತಿ, ಸೆಲ್ ಕೆಲಸ ಮಾಡುತ್ತಿದೆಯೇ ನೋಡಬೇಕು. ಒತ್ತಿ ತೋರಿಸಿದಾಗ ನವ್ಯ ಕಿವಿ ಮುಚ್ಚಿಕೊಂಡಳು.

"ಮಣಿಗಿಂತ ಜೋರಾಗಿ ಕೂಗ್ತೈತೆ" ಎಂದಳು.

ಅಂಬಿಕ ಮುಖ ತಿರುಗಿಸಿ ಕಿಟಕಿಯ ಆಚೆ ನೋಡುತ್ತಿದ್ದಳು. ಇಂಥದ್ದೊಂದು ಗಂಡನ ಲಾರಿಯ ಕ್ಯಾಬಿನ್ನಿನಲ್ಲೂ ಇರಬಹುದಿತ್ತು.

ಹೊರಡುವ ದಿನ ಸೆಲ್ವಿ ಎಲ್ಲರಿಗಿಂತ ಮೊದಲು ಬಸ್ಸು ಹತ್ತಿದಳು. ಕೆಳಗಿನ ಕಿಂಡಿಯ ಮುಂದೆ ಕುಳಿತು ಅಂಗೈ ಚಾಚಿದಳು. ತಣ್ಣಗೆ ತಾಗಿತು. ಮಂಚದ ಮೇಲೆ ನಿಂತು ಚಾವಣಿಯ ಕಿಂಡಿಗೆ ಕೈಯೊಡ್ಡಿದಳು. ಅಲ್ಲೂ ತಾಗಿತು. ಇಳಿದು ಬಂದಳು, ನವ್ಯಳನ್ನು ಎತ್ತಿಕೊಂಡಳು, ಮತ್ತೆ ಹತ್ತಿದಳು.

ಈಗ ಹಾಸಿಗೆ ಬಸ್ಸು ನಿಂತ ಊರಲ್ಲೆಲ್ಲ ಚಿಕ್ಕವೆಂಕಟಪ್ಪನಿಗೆ ಒಂದು ಕೆಲಸ. ಕೊಯ್ಲು ಯಂತ್ರದ ಜೊತೆ ಬಂದವರ ವ್ಯಾನು, ಯಾತ್ರೆಗೆ ಹೊರಟವರ ಟೆಂಪೊ, ನಿಂತ ಲಾರಿ, ಯಾವುದಾದರೂ ಸರಿ, ಹೋಗಿ ತಗಡು ಬಡಿಯುತ್ತಾನೆ. "ಲೇ, ಒಳ್ಗೆ ಮಲಗೋರು ಯಾರ್ಲಾ? ಗಾಳಿ ಎಲ್ಲಿಂದ ಬತ್ತೈತೆ, ತೋರ್ಸು." ಕೆಲವರು ಬೈಯುತ್ತಾರೆ. ತೋರಿಸುವ ತನಕ ಅವನು ಕದಲುವುದಿಲ್ಲ.

ನಿಮ್ಮ ಗಾಡಿಯಲ್ಲೂ ಯಾರಾದರೂ ಮಲಗುತ್ತಾರೆಯೇ? ಚಳಿಯಿರಲಿ, ಒದ್ದೆಯಿರಲಿ, ಕೆಂಡವನ್ನು ಒಳಗೆ ಒಯ್ಯಬೇಡಿ. ಇನ್ನೊಂದು ಹೊದಿಕೆ ಒಯ್ಯಿರಿ. ಅಡಿಗೆ ಮಾಡುವಾಗ ಬಾಗಿಲು ತೆಗೆದಿಡಿ. ಇದನ್ನು ಓದಿದ ಮೇಲೆ, ಅಥವಾ ಯಾರಾದರೂ ಓದಿ ಹೇಳಿದ ಮೇಲೆ, ಎದ್ದು ಹೋಗಿ ನಿಮ್ಮ ಗಾಡಿಯ ಗಾಳಿಕಿಂಡಿಗೆ ಅಂಗೈ ಒಡ್ಡಿ ನೋಡಿ. ಗಾಳಿ ಕೈಗೆ ತಾಗಬೇಕು. ತಾಗದಿದ್ದರೆ ಇವತ್ತು ಮಕ್ಕಳನ್ನು ಅಲ್ಲಿ ಮಲಗಿಸಬೇಡಿ.