ಮೀನಂಚಿನ ಕಿಮೊನೊ

ಬೆಳಿಗ್ಗೆ ಎಂಟು ಗಂಟೆಗೆ ಕುರಾಶಿನಾ ತೊಮೊಯೆ ಅಳತೆಪಟ್ಟಿ ಹಿಡಿದು ಶಾಲೆಯ ಗೇಟಿನಲ್ಲಿ ನಿಂತಿರುತ್ತಿದ್ದಳು. ಹುಡುಗಿಯರ ಲಂಗ ಮಂಡಿಯಿಂದ ಎಷ್ಟು ಮೇಲಿದೆ, ಕಾಲುಚೀಲ ಬಿಳಿಯದೇ, ಜಡೆಯ ರಬ್ಬರು ಕಪ್ಪೋ ಕಂದೋ, ಇದನ್ನೆಲ್ಲ ನೋಡುವುದು ಶಿಸ್ತಿನ ಹೊಣೆ ಹೊತ್ತ ಅವಳ ಕೆಲಸ. ಗಣಿತ ಹೇಳಿಕೊಡುವುದು ಆಮೇಲಿನ ಮಾತು.

"ಎರಡು ಬೆರಳು ಗಿಡ್ಡ ಇದೆ. ಮಡಿಕೆ ಬಿಚ್ಚು."

"ಮಡಿಕೆ ಇಲ್ಲ ಸೆನ್ಸೇ. ನಾನೇ ಉದ್ದ ಆಗಿಬಿಟ್ಟಿದ್ದೀನಿ."

"ಹಾಗಾದ್ರೆ ಲಂಗಾನೂ ಜೊತೆಗೇ ಬೆಳೀಬೇಕಿತ್ತು. ನಾಳೆ ಸರಿ ಮಾಡ್ಕೊಂಡು ಬಾ."

ಎದುರಿಗೆ 'ಸೆನ್ಸೇ', ಅಂದರೆ ಗುರುಗಳೇ, ಎನ್ನುವ ಹುಡುಗಿಯರು ಬೆನ್ನ ಹಿಂದೆ ಅವಳನ್ನು 'ಅಳತೆಪಟ್ಟಿ' ಎಂದೇ ಕರೆಯುತ್ತಿದ್ದರು. ಅದು ಅವಳಿಗೂ ಗೊತ್ತಿತ್ತು.

ಅವರಿಗೆ ಗೊತ್ತಿಲ್ಲದ್ದು ಅವಳ ಭಾನುವಾರಗಳು. ಅಂದು ಅವಳು ಒಂದು ಗಂಟೆ ರೈಲಿನಲ್ಲಿ ಕೂತು ಹರಾಜುಕು ಎಂಬ ಪೇಟೆಗೆ ಹೋಗುತ್ತಿದ್ದಳು. ಆ ದಿನ ದೊಡ್ಡ ರಸ್ತೆಗೆ ವಾಹನ ಬಿಡುತ್ತಿರಲಿಲ್ಲ. ರಸ್ತೆಯ ತುಂಬ ಹುಡುಗ ಹುಡುಗಿಯರು. ಟೀ ಕೆಟಲನ್ನು ಟೊಪ್ಪಿಗೆ ಮಾಡಿಕೊಂಡವನೊಬ್ಬ, ಕಿತ್ತಳೆ ಬಣ್ಣದ ಕೂದಲಿಗೆ ಐವತ್ತು ಕ್ಲಿಪ್ಪು ಸಿಕ್ಕಿಸಿಕೊಂಡವಳೊಬ್ಬಳು, ಹರಿದ ಕೊಡೆಯನ್ನೇ ಲಂಗ ಮಾಡಿ ಉಟ್ಟವಳು ಇನ್ನೊಬ್ಬಳು. ತೊಮೊಯೆ ಮರದ ಕೆಳಗೆ ನಿಂತು, ಹಸಿದವರು ಊಟ ನೋಡುವಂತೆ ನೋಡುತ್ತಿದ್ದಳು. ಹದಿನೆಂಟನೆಯ ವಯಸ್ಸಿನಲ್ಲಿ ತಾನೇ ಹೊಲಿದ ಕೆಂಪು ಕೋಟನ್ನು ಅಪ್ಪ ಬಚ್ಚಲೊಲೆಗೆ ತುರುಕಿದ ಮೇಲೆ ಅವಳು ಬೂದು, ಕಂದು ಬಿಟ್ಟು ಬೇರೆ ಬಣ್ಣ ತೊಟ್ಟವಳಲ್ಲ. ಈಗ ಅವಳಿಗೆ ನಲವತ್ತಾರು.

ಅಕ್ಟೋಬರಿನ ಒಂದು ಭಾನುವಾರ, ಅಲ್ಲಿದ್ದ ಉಡುಪುಗಳಲ್ಲೆಲ್ಲ ಚೆಲುವಾದದ್ದೊಂದು ಅವಳ ಕಣ್ಣಿಗೆ ಬಿತ್ತು. ಸಾವಿನ ಮನೆಗೆ ಉಡುವ ಕಪ್ಪು ಕಿಮೊನೊ, ಮಂಡಿಯವರೆಗೆ ಕತ್ತರಿಸಿದ್ದು. ಅದರ ಕೆಳಗೆ ಪರದೆಯ ಬಲೆಬಟ್ಟೆಯ ಆರೇಳು ಪದರ. ಅಂಚಿನುದ್ದಕ್ಕೂ ನೂರಾರು ಪುಟ್ಟ ಪ್ಲಾಸ್ಟಿಕ್ ಮೀನುಗಳು. ಊಟದ ಡಬ್ಬಿಯಲ್ಲಿ ಸೋಯಾ ರಸ ತುಂಬಿ ಕೊಡುತ್ತಾರಲ್ಲ, ಅವೇ. ಒಂದೊಂದರಲ್ಲೂ ಒಂದೊಂದು ಬಣ್ಣದ ನೀರು. ಬಿಸಿಲಿಗೆ ಅವು ಹೊಳೆಯುತ್ತಿದ್ದವು. ತೊಮೊಯೆ ತನಗರಿವಿಲ್ಲದೆ ಹತ್ತಿರ ಹೋಗಿ, ಬಗ್ಗಿ, ಅಂಚನ್ನು ಬೆರಳಲ್ಲಿ ಹಿಡಿದಳು. ಆಮೇಲೆ ತಲೆ ಎತ್ತಿದಳು. ಉಟ್ಟಿದ್ದವಳು ಅವಳದೇ ತರಗತಿಯ ಹಗಿವಾರಾ ಚಿಜುರು.

ಇಬ್ಬರೂ ಬಿಳಿಚಿಕೊಂಡರು.

"ಇದು... ನೀನೇ ಹೊಲಿದಿದ್ದಾ?"

"ಹೂಂ ಸೆನ್ಸೇ. ಅಜ್ಜೀದು ಇದು. 'ಸತ್ತವರಿಗೋಸ್ಕರ ನಾನು ಸಾಕಷ್ಟು ಉಟ್ಟಿದ್ದೀನಿ, ನೀನು ಬದುಕಿರೋರಿಗೋಸ್ಕರ ಉಡು' ಅಂತ ಸಾಯೋ ಮುಂಚೆ ಕೊಟ್ಲು. ಮೀನು ಅಮ್ಮನ ಅಂಗಡೀವು."

"ತುಂಬಾ ಚೆನ್ನಾಗಿದೆ, ಚಿಜುರು. ಇಷ್ಟು ಚೆಂದದ್ದು ನಾನು ಇಲ್ಲಿ ನೋಡೇ ಇಲ್ಲ."

ಹುಡುಗಿಯ ಮುಖ ಅರಳಿತು. ಅಷ್ಟರಲ್ಲಿ ಯಾರೋ ಕ್ಯಾಮೆರಾ ಒತ್ತಿದರು.

ಚಿತ್ರ ಮುಂದಿನ ತಿಂಗಳು, 'ತೀರಿಹೋದ ಅಜ್ಜಿಯ ಕಿಮೊನೊ' ಎಂಬ ಅಡಿಬರಹದೊಂದಿಗೆ, ಒಂದು ಪತ್ರಿಕೆಯಲ್ಲಿ ಬಂತು. ಪೋಷಕರೊಬ್ಬರು ಅದನ್ನು ತಂದು ಮುಖ್ಯೋಪಾಧ್ಯಾಯ ಮುನಕಾತಾರ ಮೇಜಿನ ಮೇಲಿಟ್ಟರು. ಚಿಜುರುವನ್ನೂ, ಊಟದ ಡಬ್ಬಿಯ ಅಂಗಡಿ ನಡೆಸುವ ಅವಳ ತಾಯಿಯನ್ನೂ ಕರೆಸಿದರು. ಶಿಸ್ತಿನ ಹೊಣೆಯವಳಾಗಿ ತೊಮೊಯೆಯೂ ಬಂದು ಕೂರಬೇಕಾಯಿತು.

"ಸಾವಿನ ಬಟ್ಟೆ ಕತ್ತರಿಸಿ ಬೀದೀಲಿ ಕುಣಿಯೋದಾ? ಅಜ್ಜಿ ಆತ್ಮ ಏನಂದುಕೊಂಡೀತು?" ಎಂದರು ಮುನಕಾತಾ. ಅವರು ಕೆಟ್ಟವರಲ್ಲ, ದನಿಯಲ್ಲಿ ನಿಜವಾದ ನೋವಿತ್ತು. "ನೋಡಮ್ಮ, ಕಂಪನಿಯವರು ನಮ್ಮ ಹುಡುಗೀರನ್ನ ಕೆಲಸಕ್ಕೆ ತಗೊಳ್ಳೋದು ಶಾಲೆ ಹೆಸರು ನೋಡಿ. ನಿನ್ನೊಬ್ಬಳಿಂದ ಮುನ್ನೂರು ಜನರ ಅನ್ನಕ್ಕೆ ಕಲ್ಲು ಬಿದ್ರೆ?"

"ನಾನು ಯಾರಿಗೂ ಏನೂ ಮಾಡಿಲ್ಲ. ಬಟ್ಟೆ ಹೊಲಿದೆ, ಅಷ್ಟೆ."

"ಬಾಯಿ ಮುಚ್ಚೇ," ಎಂದು ತಾಯಿ ಕುರ್ಚಿಯಿಂದಿಳಿದು, ನೆಲಕ್ಕೆ ಹಣೆ ಹಚ್ಚಿದಳು. "ತಪ್ಪಾಯ್ತು. ಇವಳು ಹೊಲಿಗೆ ಕಾಲೇಜಿಗೆ ಸೇರೋಕೆ ನೀವು ಕೊಡೋ ಶಿಫಾರಸು ಪತ್ರ ಮಾತ್ರ ತಡೀಬೇಡಿ."

ಮುನಕಾತಾ ಚಿತ್ರದ ಅಂಚಿಗೆ ಬೆರಳಿಟ್ಟರು. ಅಲ್ಲಿ ಮುಖವಿರಲಿಲ್ಲ, ಕಂದು ಕೋಟಿನ ತೋಳು, ಮೀನುಗಳನ್ನು ಹಿಡಿದ ಒಂದು ಕೈ. "ಇದ್ಯಾರು? ದೊಡ್ಡವರ ಕೈ. ಯಾರು ನಿಂಗೆ ಕುಮ್ಮಕ್ಕು ಕೊಡ್ತಿರೋರು?"

ತೊಮೊಯೆ ಕೈಗಳನ್ನು ಮೇಜಿನ ಕೆಳಗೆ ಎಳೆದುಕೊಂಡಳು. ಚಿಜುರು ಅವಳತ್ತ ತಿರುಗಲಿಲ್ಲ.

"ಗೊತ್ತಿಲ್ಲ. ಯಾರೋ ದಾರೀಲಿ ಹೋಗೋರು."

"ಕುರಾಶಿನಾ ಅವರೇ, ನೀವೇನಂತೀರಿ?"

ಒಂದು ಮಾತು ಸಾಕಿತ್ತು. ಗಂಟಲಿನವರೆಗೆ ಬಂದದ್ದು ಬೇರೆ, ಬಾಯಿಂದ ಹೊರಬಿದ್ದದ್ದು ಬೇರೆ. "ನಿಯಮ ಎಲ್ಲರಿಗೂ ಒಂದೇ," ಎಂದಳು ತೊಮೊಯೆ. ಶಿಫಾರಸು ರದ್ದು ಮಾಡಿದ ಕಾಗದಕ್ಕೆ ಎರಡನೆಯ ಸಹಿ ಅವಳದು.

ಹೊಸ ವರ್ಷದ ರಜೆ ಕಳೆದು ಶಾಲೆ ಶುರುವಾದಾಗ ಚಿಜುರುವಿನ ಜಾಗ ಖಾಲಿಯಿತ್ತು. ತೊಮೊಯೆ ಹಾಜರಿ ಕೂಗುತ್ತ ಅಭ್ಯಾಸಬಲದಿಂದ ಅವಳ ಹೆಸರನ್ನೂ ಕೂಗಿದಳು.

"ಅವಳು ಬರಲ್ಲ ಸೆನ್ಸೇ," ಎಂದಳು ಪಕ್ಕದ ಬೆಂಚಿನವಳು. "ಶಾಲೆ ಬಿಟ್ಲು. ಆ ಬಟ್ಟೇನೂ ಕಸಕ್ಕೆ ಹಾಕಿದ್ಲು. ಕೂತ್ಕೊಂಡು ಒಂದೊಂದೇ ಮೀನು ಬಿಚ್ಚಿ, ಪ್ಲಾಸ್ಟಿಕ್ ಒಂದು ಚೀಲಕ್ಕೆ, ಬಟ್ಟೆ ಸುಡೋ ಕಸದ ಚೀಲಕ್ಕೆ. ಕಸ ಬೇರೆ ಮಾಡೋದ್ರಲ್ಲಾದ್ರೂ ನಿಯಮ ತಪ್ಪಬಾರದು ಅಂತ ನಗ್ತಾ ಇದ್ಲು."

ತೊಮೊಯೆ ಹಾಜರಿ ಪುಸ್ತಕ ಮುಚ್ಚಿದಳು. ಒಲೆಯ ಬಾಯಲ್ಲಿ ಸುರುಟಿಕೊಂಡ ಕೆಂಪು ಕೋಟಿನ ತೋಳು ಕಣ್ಣ ಮುಂದೆ ಬಂತು. ಈ ಸಲ ಒಲೆಯ ಮುಂದೆ ನಿಂತಿದ್ದವಳು ತಾನೇ.

ಅಂದೇ ಸಂಜೆ ಶಿಕ್ಷಕರ ಸಭೆಯಲ್ಲಿ ಅವಳು ಎದ್ದು ನಿಂತು, "ಆ ಚಿತ್ರದಲ್ಲಿರೋ ಕೈ ನನ್ನದು. ಚೆನ್ನಾಗಿದೆ ಅಂತ ಹೊಗಳಿದ್ದೂ ನಾನೇ," ಎಂದಳು. ಮುನಕಾತಾ, "ಈಗ ಹೇಳಿ ಏನುಪಯೋಗ ಕುರಾಶಿನಾ ಅವರೇ? ಕಾಲೇಜಿನ ಅರ್ಜಿ ಗಡುವು ಮುಗಿದಿದೆ. ದಾಖಲೆ ಮುಚ್ಚಿದೆ," ಎಂದರು.

"ತೆರೀರಿ," ಎಂದಳು ತೊಮೊಯೆ. ಯಾರೂ ತೆರೆಯಲಿಲ್ಲ. ಅವಳೇ ಕಪಾಟಿನಿಂದ ಶಿಸ್ತಿನ ಪುಸ್ತಕ ತೆಗೆದು, ಚಿಜುರುವಿನ ಹೆಸರಿನ ಕೆಳಗೆ ನಡೆದದ್ದನ್ನೆಲ್ಲ ಬರೆದು ಸಹಿ ಹಾಕಿದಳು. ವಾರ ಕಳೆಯುವುದರೊಳಗೆ ಅವಳನ್ನು ಶಿಸ್ತಿನ ಹೊಣೆಯಿಂದ ತೆಗೆದರು.

ಬರೆದದ್ದರ ಪ್ರತಿ ಹಿಡಿದು ಅವಳು ಚಿಜುರುವಿನ ತಾಯಿಯ ಅಂಗಡಿಗೆ ಹೋದಳು. ಮಧ್ಯಾಹ್ನದ ನೂಕುನುಗ್ಗಲು ಮುಗಿದಿತ್ತು. ತಾಯಿ ಕಾಗದವನ್ನು ಎರಡು ಸಲ ಓದಿದಳು.

"ಅವತ್ತು ಹೇಳಿದ್ರೆ ಇದೊಂದು ಮಾತಾಗಿರ್ತಿತ್ತು. ಈಗ ಬರೀ ಕಾಗದ," ಎಂದು ಅದನ್ನು ಗಲ್ಲಾಪೆಟ್ಟಿಗೆಯ ಪಕ್ಕಕ್ಕಿಟ್ಟು ಒಳಗೆ ಹೋದಳು.

ಬಿಳಿ ಟೊಪ್ಪಿಗೆ, ಬಿಳಿ ಮೇಲಂಗಿ ತೊಟ್ಟ ಚಿಜುರು ಬಾಗಿಲಿಗೆ ಬಂದಳು.

"ಬೈದೋರ ಮೇಲೆ ನಂಗೆ ಸಿಟ್ಟಿಲ್ಲ ಸೆನ್ಸೇ. ಅವರಿಗೆ ಇಷ್ಟ ಆಗಿರಲಿಲ್ಲ, ಬೈದ್ರು. ನಿಮಗೆ ಇಷ್ಟ ಆಗಿತ್ತು."

"ಹೌದು. ಕ್ಷಮಿಸು ಅಂತ ಕೇಳೋಕೂ ನಂಗೆ ಮುಖ ಇಲ್ಲ."

"ಕೇಳಬೇಡಿ. ನಾನು ಕೊಡಲ್ಲ." ಚಿಜುರು ಕೈಗವಸಿನ ಬೆರಳುಗಳನ್ನು ಎಳೆದು ಸರಿಮಾಡಿಕೊಂಡಳು. "ಗೇಟಲ್ಲಿ ಈಗ ಯಾರು ನಿಲ್ತಾರೆ?"

"ಬೇರೆಯವರು."

"ಅದೇ ಅಳತೆಪಟ್ಟಿ?"

"ಅದೇ."

"ಏಪ್ರಿಲ್‌ನಲ್ಲಿ ನನ್ನ ತಂಗಿ ಅದೇ ಶಾಲೆಗೆ ಸೇರ್ತಾಳೆ. ಅವಳ ಕೂದಲು ಹುಟ್ಟಿನಿಂದಲೇ ಕೆಂಚು. ಕಪ್ಪು ಬಣ್ಣ ಬಳ್ಕೊಂಡು ಬಾ ಅಂತಾರೆ. ಅವಳನ್ನ ಆ ಕೋಣೆಗೆ ಕರೆಸಿದ ದಿನ ನೀವು ಅಲ್ಲಿ ಕೂತಿರ್ತೀರಾ?"

"ಈಗ ನನ್ನನ್ನ ಅಲ್ಲಿ ಕೂರಿಸಲ್ಲ. ಆದ್ರೆ ಬಾಗಿಲು ತಳ್ಕೊಂಡಾದ್ರೂ ಒಳಗೆ ಹೋಗ್ತೀನಿ. ಮಾತಾಡ್ತೀನಿ."

ಚಿಜುರು ಅವಳ ಮುಖವನ್ನೇ ನೋಡಿದಳು, ಒಂದು ಹೊಲಿಗೆ ತಡೆಯುತ್ತದೋ ಇಲ್ಲವೋ ಎಂದು ಎಳೆದು ನೋಡುವ ಹಾಗೆ.

"ನೋಡೋಣ," ಎಂದು ಗಾಜಿನ ಬಾಗಿಲು ಎಳೆದುಕೊಂಡಳು.